ಸೂಜಿ ಹಿಡಿದ ಕೈಗೆ ನ್ಯಾಯದ ಕೂಲಿ



ಕಳೆದ ಭಾನುವಾರ ಬಲಿಪೂಜೆಗೆ ನೀವು ತೊಟ್ಟು ಹೋದ ಬಟ್ಟೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಅದನ್ನು ಯಾವ ಅಂಗಡಿಯಲ್ಲಿ ಕೊಂಡಿರಿ, ಎಷ್ಟು ಚೌಕಾಸಿ ಮಾಡಿದಿರಿ, ಕೊನೆಗೆ ಎಷ್ಟು ಹಣ ಕೊಟ್ಟಿರಿ ಎಂಬುದೆಲ್ಲ ನಿಮಗೆ ನೆನಪಿರಬಹುದು. ಆದರೆ ಅದನ್ನು ಹೊಲಿದವರಿಗೆ ಎಷ್ಟು ಕೂಲಿ ಸಿಕ್ಕಿತು ಎಂದು ಕೇಳಿದರೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿಲ್ಲ. ಈ ಪ್ರಶ್ನೆ ನನ್ನ ತಲೆಗೂ ಹೊಳೆದಿರಲಿಲ್ಲ. ಅದನ್ನು ನನ್ನ ಮುಂದಿಟ್ಟವರು ಮಸ್ಕಿ ಕಡೆಯ ಒಬ್ಬ ತಾಯಿ.

ಪೂಜೆ ಮುಗಿದು ಎಲ್ಲರೂ ಹೊರಟ ಮೇಲೆ ಆಕೆ ಹಿಂದೆ ಉಳಿದರು. "ಸಿಸ್ಟರ್, ದೊಡ್ಡ ಮಗಳು ಬೆಂಗಳೂರಿಗೆ ಗಾರ್ಮೆಂಟ್ಸ್‌ಗೆ ಹೋಗಿ ಎರಡು ವರ್ಷ ಆತ್ರಿ. ಪಗಾರ ಬರ್ತೈತಿ ಅಂತಾಳ. ಮನಿಗಿ ಕಳಿಸೋದು ಮಾತ್ರ ಭಾಳ ಕಡಿಮಿ. ಅಕಿ ಸುಳ್ಳು ಹೇಳ್ತಾಳೋ, ರೊಕ್ಕ ಹಾಳು ಮಾಡ್ತಾಳೋ ತಿಳೀವಲ್ದು. ಈಗ ಸಣ್ಣಾಕಿನೂ ಹೋಗ್ತೀನಿ ಅಂತಾಳ. ಕಳಿಸ್ಲೋ ಬ್ಯಾಡೋ?" ಎಂದರು. ಹೀಗೆ ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಹಣದ ಚಿಂತೆಗಿಂತ ಹೆಚ್ಚಾಗಿ, ಹೆತ್ತ ಮಗಳ ಮೇಲೆ ಸಂಶಯಪಡಬೇಕಾಗಿ ಬಂತಲ್ಲಾ ಎಂಬ ನೋವು ಅದು.

ಕ್ರಿಸ್ಮಸ್ಸಿಗೆ ಮಗಳು ಊರಿಗೆ ಬಂದಾಗ ಅವಳನ್ನೇ ಕೇಳಿದೆ. ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಸಂಬಳದ ಚೀಟಿ ತಂದು ತೋರಿಸಿದಳು. ಭವಿಷ್ಯನಿಧಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ನೂರಕ್ಕೆ 12, ಇ.ಎಸ್.ಐ.ಗೆ ನೂರಕ್ಕೆ ಮುಕ್ಕಾಲು ಭಾಗ ಮೊದಲೇ ಕಡಿತ. ನಾಲ್ಕು ಹುಡುಗಿಯರು ಸೇರಿ ಹಿಡಿದ ಒಂದು ಕೋಣೆಯ ಬಾಡಿಗೆ, ಗ್ಯಾಸು, ಅಕ್ಕಿಬೇಳೆ, ಫೋನು, ಜ್ವರ ಬಂದು ಮನೆಯಲ್ಲಿ ಉಳಿದ ದಿನಗಳ ಸಂಬಳ ಕಡಿತ. ಎಲ್ಲ ಕಳೆದು ಉಳಿದದ್ದನ್ನು ಅವಳು ತಾಯಿಗೆ ಕಳಿಸುತ್ತಿದ್ದಳು. ಮಗಳು ಸುಳ್ಳು ಹೇಳಿರಲಿಲ್ಲ. ತಾಯಿಯ ಲೆಕ್ಕವೂ ತಪ್ಪಾಗಿರಲಿಲ್ಲ. ದುಡಿಯುವವಳನ್ನೇ ಸರಿಯಾಗಿ ಸಾಕಲಾರದ ಸಂಬಳ ಆ ಇಬ್ಬರ ನಡುವೆ ಬಂದು ನಿಂತಿತ್ತು.

ಹಾಗಾದರೆ ನ್ಯಾಯದ ಕೂಲಿ ಎಂದರೆ ಯಾವುದು? ಇಬ್ಬರೂ ಒಪ್ಪಿದ್ದೇ ನ್ಯಾಯವೇ? ಅಥವಾ ಒಪ್ಪಿಗೆಗೂ ಮೇಲಿನ ಒಂದು ಅಳತೆ ಇದೆಯೇ?

ದೇಶಕ್ಕೊಂದು ಬೆಲೆ

ಮೊದಲು ಲೋಕದ ಕಡೆ ನೋಡೋಣ. ಫ್ಯಾಷನ್ ಎಂಬ ಉದ್ಯಮದಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವವರ ಸಂಬಳ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ನೆರೆಯ ಬಾಂಗ್ಲಾದೇಶದಲ್ಲಿ ಸಿದ್ಧ ಉಡುಪು ಕಾರ್ಮಿಕರ ಕನಿಷ್ಠ ವೇತನ 2010ರಲ್ಲಿ ತಿಂಗಳಿಗೆ 3,000 ಟಾಕಾ ಇತ್ತು. 2013ರ ಕೊನೆಗೆ 5,300, 2018ರ ಕೊನೆಗೆ 8,000, 2023ರ ಡಿಸೆಂಬರಿನಿಂದ 12,500 ಟಾಕಾ ಆಯಿತು. 2023ರಲ್ಲಿ ಬೀದಿಗಿಳಿದ ಕಾರ್ಮಿಕರು ಕೇಳಿದ್ದು 23,000 ಟಾಕಾ. ಆ ಹೋರಾಟದಲ್ಲಿ ಪ್ರಾಣ ಕಳೆದುಕೊಂಡವರೂ ಉಂಟು. ಕಾಂಬೋಡಿಯದಲ್ಲಿ 2025ರ ಕನಿಷ್ಠ ವೇತನ ತಿಂಗಳಿಗೆ 208 ಡಾಲರ್. ಇಥಿಯೋಪಿಯದ ಹವಾಸಾ ಎಂಬಲ್ಲಿನ ಕೈಗಾರಿಕಾ ವಸಾಹತಿನಲ್ಲಿ ಹೊಸಬರ ಮೂಲ ಸಂಬಳ ಬರೀ 26 ಡಾಲರ್ ಎಂದು 2019ರ ಒಂದು ಅಧ್ಯಯನ ತಿಳಿಸಿತು. ಹೊಟ್ಟೆಗೆ ಸಾಲದ ಆ ಸಂಬಳಕ್ಕೆ ಬೇಸತ್ತು ಬಹಳ ಮಂದಿ ಕೆಲಸ ಬಿಟ್ಟು ಊರಿಗೆ ಮರಳಿದರು.

ಇದು ಬಡ ದೇಶಗಳ ಪಾಡು ಮಾತ್ರ ಎಂದುಕೊಳ್ಳಬೇಡಿ. 2020ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಹೊಲಿಗೆ ಮನೆಗಳಲ್ಲಿ ಗಂಟೆಗೆ ಮೂರೂವರೆ ಪೌಂಡ್ ಕೊಡುತ್ತಿದ್ದರೆಂದು ಪತ್ರಿಕೆಗಳು ಬಯಲಿಗೆಳೆದವು. ಆಗ ಅಲ್ಲಿನ ಕಾನೂನು ವಿಧಿಸಿದ್ದ ಕನಿಷ್ಠ ವೇತನ 8 ಪೌಂಡ್ 72 ಪೆನ್ಸ್. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ಹೊಲಿಗೆ ಕಾರ್ಮಿಕರಿಗೆ ತುಂಡಿನ ಲೆಕ್ಕದಲ್ಲಿ ಕೂಲಿ ಕೊಡುವುದನ್ನು 2022ರಿಂದ ಕಾನೂನಿನಿಂದಲೇ ನಿಲ್ಲಿಸಬೇಕಾಯಿತು. ದೇಶ ಶ್ರೀಮಂತವಾದ ಮಾತ್ರಕ್ಕೆ ಅಲ್ಲಿ ಕೆಳಗಿನ ಮೆಟ್ಟಿಲಲ್ಲಿ ನಿಂತವರಿಗೆ ನ್ಯಾಯ ತಾನಾಗಿ ಸಿಗುವುದಿಲ್ಲ.

ನಮ್ಮ ರಾಜ್ಯದಲ್ಲಿ ನಡೆದದ್ದನ್ನೂ ನೋಡಿ. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆ ಏರಬೇಕಿತ್ತು. ಕೊರೋನಾ ಕಾಲದ ನೆಪದಲ್ಲಿ ಅದನ್ನು ಮುಂದೂಡಲಾಯಿತು. ಹಾಗೆ ಮುಂದೂಡುವುದಕ್ಕೆ ಹೈಕೋರ್ಟು ಅದೇ ವರ್ಷ ತಡೆ ನೀಡಿದರೂ, ಬಾಕಿ ಹಣ ಬಹುಪಾಲು ಕಾರ್ಮಿಕರ ಕೈ ಸೇರತೊಡಗಿದ್ದು 2022ರಲ್ಲಿ. ತಿಂಗಳಿಗೆ 26 ದಿನದ ಕೆಲಸವೆಂದರೆ ದಿನಕ್ಕೆ ಬರೀ 16 ರೂಪಾಯಿ. ಇಷ್ಟಕ್ಕೇ ಇಷ್ಟು ಗದ್ದಲವೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಬಾಧೆಗೊಳಗಾದವರು ಸುಮಾರು 4 ಲಕ್ಷ ಮಂದಿ. ಎಲ್ಲರದೂ ಸೇರಿಸಿದರೆ ತಿಂಗಳಿಗೆ 16 ಕೋಟಿ ರೂಪಾಯಿಗೂ ಮೀರಿದ ಮೊತ್ತ. ಒಬ್ಬೊಬ್ಬರಿಂದ ತೆಗೆದಾಗ ಸಣ್ಣದಾಗಿ ಕಾಣುವುದು, ಒಂದೆಡೆ ಕೂಡಿದಾಗ ಬೆಟ್ಟವಾಗುತ್ತದೆ. ಬಡವರ ಕೂಲಿಗೆ ಕನ್ನ ಬೀಳುವುದು ಯಾವಾಗಲೂ ಹೀಗೆಯೇ, ಚಿಲ್ಲರೆ ಚಿಲ್ಲರೆಯಾಗಿ.

ಒಪ್ಪಿಕೊಂಡಿದ್ದಾಳಲ್ಲ, ಮತ್ತೇನು?

"ಯಾರೂ ಅವಳನ್ನು ಕೈಹಿಡಿದು ಎಳೆದುಕೊಂಡು ಹೋಗಲಿಲ್ಲ. ಸಂಬಳ ಕೇಳಿ ತಿಳಿದೇ ಸೇರಿದ್ದಾಳೆ. ಅನ್ಯಾಯ ಎಲ್ಲಿಂದ ಬಂತು?" ಎಂಬ ವಾದ ನಾವು ದಿನವೂ ಕೇಳುವಂಥದ್ದು. ಈ ವಾದಕ್ಕೆ ಧರ್ಮಸಭೆ ಉತ್ತರ ಕೊಟ್ಟು ನೂರಮೂವತ್ತು ವರ್ಷ ದಾಟಿದೆ. 1891ರಲ್ಲಿ ಪರಮಗುರು ಹದಿಮೂರನೆಯ ಲಿಯೋರವರು ತಮ್ಮ ವಿಶ್ವಪತ್ರದಲ್ಲಿ ಹೇಳಿದ್ದರ ತಿರುಳು ಇಷ್ಟು: ಧಣಿಯೂ ಆಳೂ ಸ್ವಇಚ್ಛೆಯಿಂದ ಒಪ್ಪಂದ ಮಾಡಿಕೊಳ್ಳಬಹುದು; ಆದರೆ ಆ ಒಪ್ಪಂದಕ್ಕೂ ಮೇಲೆ, ಅದಕ್ಕೂ ಹಳೆಯದಾದ ಒಂದು ಸಹಜ ನ್ಯಾಯವಿದೆ. ಮಿತವಾಗಿ ಬಾಳುವ ದುಡಿಮೆಗಾರನನ್ನು ಸಾಕುವಷ್ಟು ಕೂಲಿ ಇರಲೇಬೇಕು. ಇನ್ನೂ ಕೆಟ್ಟದ್ದಕ್ಕೆ ಹೆದರಿ ಒಬ್ಬ ಕಡಿಮೆ ಕೂಲಿಗೆ ತಲೆಬಾಗಿದರೆ, ಅವನು ಬಲಾತ್ಕಾರಕ್ಕೆ ಒಳಗಾದವನು.

ಇದನ್ನು ನಮ್ಮ ಸೀಮೆಯ ಉದಾಹರಣೆಯಿಂದ ಅರ್ಥ ಮಾಡಿಕೊಳ್ಳಬಹುದು. ಬಾವಿಗೆ ಬಿದ್ದವನಿಗೆ ಹಗ್ಗ ಇಳಿಬಿಟ್ಟು "ನಿನ್ನ ಹೊಲ ಬರೆದುಕೊಡುತ್ತೀಯಾ?" ಎಂದು ಕೇಳಿದರೆ ಅವನು ಹೂಂ ಎನ್ನುತ್ತಾನೆ. ಅದನ್ನು ಒಪ್ಪಿಗೆ ಎನ್ನುತ್ತೀರಾ? ಮಳೆ ಕೈಕೊಟ್ಟ ವರ್ಷ, ಹತ್ತಿಗೆ ಹುಳು ಬಿದ್ದ ವರ್ಷ, ಸಾಲಗಾರ ಬಾಗಿಲಿಗೆ ಬಂದ ವರ್ಷ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೊರಟವರ ಒಪ್ಪಿಗೆಯೂ ಎಷ್ಟೋ ಸಲ ಇಂಥದ್ದೇ.

ದ್ರಾಕ್ಷಿ ತೋಟದ ಸಾಮತಿಯನ್ನು ನೀವು ಬಲ್ಲಿರಿ. ಕೊನೆಯ ಗಳಿಗೆಗೆ ಬಂದವನಿಗೂ ಯಜಮಾನ ಒಂದು ದಿನಾರಿಯನ್ನೇ ಕೊಟ್ಟ. ಈ ಸಾಮತಿ ಮುಖ್ಯವಾಗಿ ದೇವರ ಕೃಪೆಯನ್ನು ಕುರಿತದ್ದು, ಕೂಲಿಯ ಕಾನೂನನ್ನಲ್ಲ ಎಂಬುದು ನಿಜ. ಆದರೂ ಯೇಸುಸ್ವಾಮಿ ಆರಿಸಿಕೊಂಡ ಚಿತ್ರವನ್ನು ಗಮನಿಸಿ. ದಿನಾರಿ ಎಂದರೆ ಅಂದಿನ ಒಂದು ದಿನದ ಕೂಲಿ, ಒಂದು ಮನೆಯ ಒಂದು ದಿನದ ಅನ್ನ. ಸಂಜೆಯವರೆಗೂ ಚೌಕದಲ್ಲಿ ನಿಂತವನು ಸೋಮಾರಿಯಾಗಿರಲಿಲ್ಲ; ಅವನನ್ನು ಯಾರೂ ಕರೆದಿರಲಿಲ್ಲ. ಅವನ ಮಕ್ಕಳ ಹಸಿವು ಬೆಳಗಿನಿಂದ ದುಡಿದವನ ಮಕ್ಕಳ ಹಸಿವಿಗಿಂತ ಕಡಿಮೆಯಾಗಿರಲಿಲ್ಲ. ತಚ್ಚನ ಮನೆಯಲ್ಲಿ ಬೆಳೆದ ಪ್ರಭುವಿಗೆ ಇದು ಗೊತ್ತಿತ್ತು.

ಲೋಕದ ನ್ಯಾಯವೂ ಈ ದಾರಿಯಲ್ಲಿ ಕೊಂಚ ನಡೆದು ಬಂದಿದೆ. 1957ರಲ್ಲಿ ಸೇರಿದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನಕ್ಕೆ ಅಳತೆ ನಿಗದಿ ಮಾಡಿತು. ದುಡಿಯುವವರು, ಬಾಳಸಂಗಾತಿ, ಇಬ್ಬರು ಮಕ್ಕಳು ಇರುವ ಕುಟುಂಬಕ್ಕೆ ಬೇಕಾದ ಆಹಾರ, ಮನೆ ಬಾಡಿಗೆ, ಉರುವಲು, ದೀಪ. ಜೊತೆಗೆ ವರ್ಷಕ್ಕೆ 72 ಗಜ ಬಟ್ಟೆ. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ವಿದ್ಯೆ, ವೈದ್ಯ, ಮುಪ್ಪಿನ ಆಸರೆ, ಮದುವೆ ಮುಂತಾದವಕ್ಕೆ ನೂರಕ್ಕೆ 25ರಷ್ಟು ಸೇರಬೇಕೆಂದಿತು. ಈ 72 ಗಜದ ಮಾತು ನನ್ನನ್ನು ಬಹಳ ಕಾಡುತ್ತದೆ. ದಿನವೂ ನೂರಾರು ಅಂಗಿಗಳಿಗೆ ಕೈಹಚ್ಚುವವಳು, ತನ್ನ ತಮ್ಮನ ಶಾಲೆಯ ಅಂಗಿಗೆ ಮುಂದಿನ ತಿಂಗಳ ಸಂಬಳಕ್ಕಾಗಿ ಕಾಯಬೇಕೇ?

ಕಡಿಮೆ ಕೂಲಿಯೋ, ಕೆಲಸವೇ ಇಲ್ಲವೋ?

ಇನ್ನೊಂದು ವಾದವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. "ಕೂಲಿ ಏರಿಸಿದರೆ ಕಾರ್ಖಾನೆ ಬೇರೆ ರಾಜ್ಯಕ್ಕೆ, ಬೇರೆ ದೇಶಕ್ಕೆ ಹೋಗುತ್ತದೆ. ಆಗ ಇರುವುದೂ ಹೋಯಿತು." ಈ ಹೆದರಿಕೆ ಸುಳ್ಳಲ್ಲ. ಆ ತಾಯಿಯ ಮಗಳು ಕೂಡ ನನ್ನೊಡನೆ ಹೇಳಿದ್ದು ಇದನ್ನೇ: "ಬಿಟ್ಟು ಬಂದು ಏನ್ ಮಾಡ್ಲಿ ಸಿಸ್ಟರ್? ಇಲ್ಲಿ ಹತ್ತಿ ಬಿಡಿಸೋ ಕೆಲಸ ಎಷ್ಟು ದಿನ ಇರ್ತೈತಿ?" ಆ ಸಂಬಳದಿಂದಲೇ ಮನೆಯ ಸಾಲ ಸ್ವಲ್ಪ ಇಳಿದಿದೆ. ಮದುವೆಯ ಮಾತು ಎತ್ತಿದಾಗ ಬೇಡ ಎನ್ನುವ ಧೈರ್ಯವೂ ಅವಳಿಗೆ ಬಂದಿದೆ. ಹೀಗಿರುವಾಗ ಗಾರ್ಮೆಂಟ್ಸ್ ಎಂದರೆ ಬರೀ ಪಾಪ ಎಂದು ಬಗೆಯುವುದು ಸರಿಯಲ್ಲ.

ಆದರೆ ಈ ಹೆದರಿಕೆ ನಿಜವೆಂದ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗುವುದಿಲ್ಲ. ಒಂದು ದೇಶದ ಬಡವರನ್ನು ಇನ್ನೊಂದು ದೇಶದ ಬಡವರ ಮುಂದೆ ನಿಲ್ಲಿಸಿ "ನೀನು ಇಳಿಸದಿದ್ದರೆ ಅವಳು ಇಳಿಸುತ್ತಾಳೆ" ಎನ್ನುವುದೇ ಅನ್ಯಾಯದ ಬೇರು. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವಾರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಗೋಡೆ ಬಿರುಕು ಬಿಟ್ಟದ್ದನ್ನು ಹಿಂದಿನ ದಿನವೇ ಕಂಡಿದ್ದರೂ ಅವರು ಕೆಲಸಕ್ಕೆ ಹೋಗಬೇಕಾಯಿತು. ಒಂದು ವಾರದ ನಂತರ, ಮೇ 1ರಂದು, ಪರಮಗುರು ಫ್ರಾನ್ಸಿಸರು ಆ ಕಾರ್ಮಿಕರ 38 ಯೂರೋ ತಿಂಗಳ ಸಂಬಳವನ್ನು ನೆನೆದು, ಅದು ಗುಲಾಮರ ದುಡಿಮೆ ಎಂದು ನೇರವಾಗಿ ಹೇಳಿದರು.

ಹಾಗಾದರೆ ಹೊಣೆ ಯಾರದು? ಎರಡನೆಯ ಜಾನ್ ಪೌಲರು 1981ರ ವಿಶ್ವಪತ್ರದಲ್ಲಿ, ಸಂಬಳ ಎಣಿಸಿ ಕೊಡುವ ಧಣಿಯಲ್ಲದೆ ಪರೋಕ್ಷ ಧಣಿಯೂ ಇದ್ದಾನೆ ಎಂದು ಬೋಧಿಸಿದರು. ಕಾನೂನು ಮಾಡುವ ಸರ್ಕಾರ, ದೇಶದೇಶಗಳ ನಡುವಿನ ವ್ಯಾಪಾರದ ಕಟ್ಟಳೆ, ಬೆಲೆಯನ್ನು ಹಿಂಡುವ ದೊಡ್ಡ ಸಂಸ್ಥೆಗಳು ಎಲ್ಲವೂ ಅದರಲ್ಲಿ ಸೇರುತ್ತವೆ. 2009ರಲ್ಲಿ ಹದಿನಾರನೆಯ ಬೆನೆಡಿಕ್ಟರು ಇನ್ನೊಂದು ಹೆಜ್ಜೆ ಮುಂದಿಟ್ಟು, ಕೊಂಡುಕೊಳ್ಳುವುದೂ ನೈತಿಕ ಕ್ರಿಯೆಯೇ ಎಂದರು. ಅಲ್ಲಿಗೆ ಹೊಣೆ ನಮ್ಮ ಮನೆಬಾಗಿಲಿಗೂ ಬಂತು.

ನಮ್ಮ ಕೈ ಶುದ್ಧವೇ?

ದೂರದ ಕಾರ್ಖಾನೆಯ ಮೇಲೆ ಕಲ್ಲೆಸೆಯುವುದು ಸುಲಭ. ನಮ್ಮ ಊರುಗಳನ್ನೇ ನೋಡಿಕೊಳ್ಳೋಣ. ಬಟ್ಟೆಯ ಮೊದಲ ಕೂಲಿ ಪಾವತಿಯಾಗುವುದು ಢಾಕಾದಲ್ಲೂ ಅಲ್ಲ, ಬೆಂಗಳೂರಿನಲ್ಲೂ ಅಲ್ಲ. ಮಸ್ಕಿ, ಲಿಂಗಸುಗೂರಿನ ಹತ್ತಿ ಹೊಲದಲ್ಲಿ. ಬೆಳಗಾಗುವ ಮೊದಲೇ ಟಂಟಂ ಏರಿ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ತೂಕದ ತಕ್ಕಡಿ ಸರಿಯಿದೆಯೇ? ಕೂಲಿ ಅಂದೇ ಸಿಗುತ್ತದೆಯೇ? ಸಿಂಧನೂರಿನ ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುವ ಹುಡುಗಿಗೆ ಕೂರಲು ಒಂದು ಸ್ಟೂಲಾದರೂ ಇದೆಯೇ? "ಕೆಲಸ ಕಲಿಸುತ್ತಿದ್ದೇವಲ್ಲ" ಎಂದು ಹೇಳಿ ವರ್ಷಗಟ್ಟಲೆ ಕಾಜಾ ಗುಂಡಿ ಹಾಕಿಸಿಕೊಂಡು ಕೈಯಲ್ಲಿ ಏನೂ ಇಡದ ಟೈಲರುಗಳು ನಮ್ಮಲ್ಲಿಲ್ಲವೇ? ಹಬ್ಬಕ್ಕೆ ಮುಂಚೆ ರಾತ್ರಿಯೆಲ್ಲ ಕೂತು ಜಂಪರ್ ಹೊಲಿದುಕೊಟ್ಟ ಪಕ್ಕದ ಓಣಿಯ ವಿಧವೆಗೆ "ಮುಂದಿನ ವಾರ ಕೊಡ್ತೀನಿ" ಎಂದವರು ನಾವೇ ಅಲ್ಲವೇ?

ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರ ಆಜ್ಞಾಪಿಸಿತು. ತಡೆಹಿಡಿದ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಎಂದು ಸಂತ ಯಕೋಬರು ಎಚ್ಚರಿಸಿದರು. ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಪಟ್ಟಿಯಲ್ಲಿ, ಕೊಲೆಯ ಜೊತೆಜೊತೆಗೇ, ಕೂಲಿಯವರಿಗೆ ವಂಚಿಸುವುದನ್ನೂ ಧರ್ಮಸಭೆ ಸೇರಿಸಿದೆ. ನಾವು ಪಾಪನಿವೇದನೆಯಲ್ಲಿ ಸಿಟ್ಟು, ಸುಳ್ಳು, ಪೂಜೆ ತಪ್ಪಿಸಿದ್ದು ಎಲ್ಲವನ್ನೂ ಹೇಳುತ್ತೇವೆ. ಕೊಡಬೇಕಾದ ಕೂಲಿಯ ಬಾಕಿಯನ್ನು ಎಂದಾದರೂ ಹೇಳಿದ್ದೇವೆಯೇ?

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಅರಸರ ಕಾಲದಿಂದಲೂ ಕಥೋಲಿಕ ಕುಟುಂಬಗಳಿವೆ. ನಮ್ಮ ವಿಶ್ವಾಸ ಈ ಮಣ್ಣಿಗೆ ನಿನ್ನೆ ಬಂದದ್ದಲ್ಲ. ಅದಕ್ಕೂ ಎಷ್ಟೋ ಹಿಂದೆ, ಮಸ್ಕಿಯ ಬಂಡೆಯ ಮೇಲೆ ಅಶೋಕನು ಒಂದು ಮಾತನ್ನು ಕೆತ್ತಿಸಿದ್ದಾನೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದಿಂದ ನಡೆದರೆ ಉನ್ನತವಾದುದನ್ನು ಪಡೆಯಬಲ್ಲರು ಎಂಬುದು ಅದರ ಭಾವ. ಇಂಥ ನೆಲದಲ್ಲಿ ಹುಟ್ಟಿದವರು, ಕೂಲಿಯ ನ್ಯಾಯ ದೊಡ್ಡವರ ಕೆಲಸ, ನಮ್ಮಿಂದೇನಾಗುತ್ತದೆ ಎಂದು ಕೈಕಟ್ಟಿ ಕೂರಬಹುದೇ?

ಆದ್ದರಿಂದ, ಹೆತ್ತವರೇ, ದುಡಿಯಲು ಹೋದ ಮಗಳನ್ನು ಸಂಶಯಿಸುವ ಮೊದಲು ಅವಳ ಸಂಬಳದ ಚೀಟಿಯನ್ನು ಕೂಡಿ ಓದಿ. ಹೊಸದಾಗಿ ಹೋಗುವವಳಿಗೆ ಹೇಳಿಕೊಡಿ: ಹೆಲ್ಪರ್ ಎಂದು ಸೇರಿಸಿಕೊಂಡಿದ್ದಾರೋ ಟೈಲರ್ ಎಂದೋ ಕೇಳಿ ತಿಳಿದುಕೊ, ಭವಿಷ್ಯನಿಧಿಯ ನಂಬರು, ಇ.ಎಸ್.ಐ. ಕಾರ್ಡು ಪಡೆದುಕೋ, ಸಂಬಳದ ಚೀಟಿಯನ್ನು ಎಸೆಯಬೇಡ, ಒಬ್ಬಳೇ ನಿಲ್ಲಬೇಡ, ಜೊತೆಯವರೊಂದಿಗೆ ನಿಲ್ಲು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದಾಗ ಕೇಂದ್ರ ಸರ್ಕಾರವೇ ಅದನ್ನು ಹಿಂದಕ್ಕೆ ಪಡೆಯಿತು. ಕೂಲಿ ಕೊಡುವ ಸ್ಥಾನದಲ್ಲಿರುವವರೇ, ಇಂದಿನ ಬಾಕಿಯನ್ನು ಇಂದೇ ಕೊಡಿ. ಬಟ್ಟೆ ಕೊಳ್ಳುವವರೇ, ಬೇಕಾದಷ್ಟೇ ಕೊಳ್ಳಿ. ಕೈಯಿಂದ ಹೊಲಿದವರ ಮುಂದೆ ಚೌಕಾಸಿ ಮಾಡಬೇಡಿ.

ಶಿಲುಬೆಯ ಕೆಳಗೆ ಸೈನಿಕರು ಪ್ರಭುವಿನ ಬಟ್ಟೆಗಳನ್ನು ಹಂಚಿಕೊಂಡರು. ಹೊಲಿಗೆಯಿಲ್ಲದೆ ಇಡಿಯಾಗಿ ನೇಯ್ದ ಅಂಗಿಗೆ ಚೀಟಿ ಹಾಕಿದರು. ಅದನ್ನು ನೇಯ್ದ ಕೈ ಯಾರದೆಂದು ಅವರಲ್ಲಿ ಒಬ್ಬನೂ ಕೇಳಲಿಲ್ಲ. ಬರುವ ಭಾನುವಾರ ಒಳ್ಳೆಯ ಬಟ್ಟೆ ತೊಟ್ಟು ಪೂಜೆಗೆ ಹೊರಡುವಾಗ ನಾವಾದರೂ ಆ ಪ್ರಶ್ನೆ ಕೇಳಿಕೊಳ್ಳೋಣ. ಕಾಣಿಕೆಯ ಹೊತ್ತಿಗೆ ರೊಟ್ಟಿ ದ್ರಾಕ್ಷಾರಸಗಳನ್ನು ಮನುಷ್ಯರ ದುಡಿಮೆಯ ಫಲವೆಂದು ದೇವರಿಗೆ ಅರ್ಪಿಸುವಾಗ, ಆ ದುಡಿಮೆಗೆ ಸಲ್ಲಬೇಕಾದುದು ಸಂದಿರಲಿ.

ಆ ತಾಯಿ ಸಣ್ಣ ಮಗಳನ್ನೂ ಕಳಿಸಿದರು. ಈ ಸಲ ಬಸ್ಸು ಹತ್ತಿಸುವಾಗ "ರೊಕ್ಕ ಕಳಿಸು" ಎನ್ನಲಿಲ್ಲವಂತೆ. "ಹೊಟ್ಟಿ ತುಂಬ ಉಣ್ಣವ್ವ, ಅಕ್ಕನ ಸಂಗಾಟ ಇರು" ಎಂದರಂತೆ.