ಬೆಸುಗೆಯ ಗೆರೆ



ನಿಮ್ಮ ಮನೆಯ ಹಳೆಯ ಸ್ಕೂಟರನ್ನೋ, ಫ್ರಿಜ್ಜನ್ನೋ, ಹೊಲಿಗೆ ಯಂತ್ರವನ್ನೋ ನೀವು ಎಂದಾದರೂ ಮಾರಿರಬಹುದು. ಕೊಳ್ಳಲು ಬಂದವರು ಕೇಳದೆ ಇದ್ದ ಒಂದು ದೋಷವನ್ನು ಆಗ ನೀವಾಗಿಯೇ ಹೇಳಿದಿರಾ? ಅಥವಾ ಅವರು ಕೇಳಲಿಲ್ಲವೆಂಬ ಕಾರಣಕ್ಕೆ ಸುಮ್ಮನಿದ್ದಿರಾ? ಉತ್ತರವನ್ನು ನನಗೆ ಹೇಳಬೇಕಾಗಿಲ್ಲ. ಇದೇ ಪ್ರಶ್ನೆಯನ್ನು ಕಳೆದ ವರ್ಷ ಒಬ್ಬ ಯುವಕ ನನ್ನ ಮುಂದಿಟ್ಟಾಗ, ಗುರುಮಠದಲ್ಲಿ ವರ್ಷಗಟ್ಟಲೆ ನೀತಿಶಾಸ್ತ್ರ ಓದಿದ ನಾನು ಕೂಡಲೇ ಉತ್ತರ ಕೊಡಲಾರದೆ ಹೋದೆ. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಯುವಕನ ತಂದೆ ಬಿ.ಟಿ.ಎಂ. ಬಡಾವಣೆಯ ನಿವಾಸಿ. ಅವರ ಒಪ್ಪಿಗೆ ಪಡೆದು, ಹೆಸರನ್ನು ಮಾತ್ರ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಆಡುಗೋಡಿಯ ಮೈಕೊ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. 1951ರಲ್ಲಿ ಆರಂಭವಾದ ಆ ಸಂಸ್ಥೆಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾಯಿತಾದರೂ ದಕ್ಷಿಣ ಬೆಂಗಳೂರಿನ ಹಿರಿಯರ ಬಾಯಲ್ಲಿ ಅದು ಇಂದಿಗೂ ಮೈಕೊ. ಡೀಸೆಲ್ ಇಂಜಿನ್ನಿಗೆ ಇಂಧನವನ್ನು ಚಿಮ್ಮಿಸುವ ಪಂಪುಗಳ ವಿಭಾಗ ಅವರದು. ಆ ಪಂಪಿನೊಳಗೆ ಒಂದು ಪ್ಲಂಜರ್, ಅದು ಚಲಿಸಲು ಒಂದು ಬ್ಯಾರಲ್. ಇವೆರಡರ ನಡುವಿನ ತೆರಪು ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ಒಂದನ್ನು ಇನ್ನೊಂದಕ್ಕೆ ಉಜ್ಜಿ ಹೊಂದಿಸಿ ಜೋಡಿಯಾಗಿಯೇ ಕಳುಹಿಸುತ್ತಾರೆ. ಒಂದು ಜೋಡಿಯ ಪ್ಲಂಜರನ್ನು ಇನ್ನೊಂದು ಜೋಡಿಯ ಬ್ಯಾರಲಿಗೆ ಹಾಕುವಂತಿಲ್ಲ. ಮೂರು ದಶಕಗಳ ಕಾಲ ಇಂತಹ ಕೆಲಸ ಮಾಡಿದ ಕೈಗಳು ನಿವೃತ್ತಿಯ ಮರುದಿನ ಸುಮ್ಮನೆ ಕುಳಿತುಕೊಳ್ಳುವುದುಂಟೇ?

ಅವರು ಹಿಡಿದ ಹವ್ಯಾಸ ಹಳೆಯ ಪವರ್ ಟಿಲ್ಲರುಗಳನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಓಡುವಂತೆ ಮಾಡುವುದು. ಅಮೆರಿಕೆಯಲ್ಲಿ ಹಳೆಯ ತೋಟದ ಟ್ರಾಕ್ಟರುಗಳನ್ನು ಹೀಗೆ ಪ್ರೀತಿಯಿಂದ ದುರಸ್ತಿ ಮಾಡುವವರು ಬಹಳ ಮಂದಿ ಇದ್ದಾರೆ. ಬೆಂಜಮಿನ್ ಗ್ರೇವ್ಲಿ ಎಂಬ ಛಾಯಾಚಿತ್ರಗ್ರಾಹಕ 1916ರಲ್ಲಿ ಪೇಟೆಂಟ್ ಪಡೆದ ಮೋಟಾರು ನೇಗಿಲಿನಿಂದ ಹಿಡಿದು, 1961ರಲ್ಲಿ ಮಾರುಕಟ್ಟೆಗೆ ಬಂದ ಕಬ್ ಕೆಡೆಟ್‌ವರೆಗೆ ಅವರಿಗೆ ಎಲ್ಲವೂ ಅಮೂಲ್ಯ. ನಮ್ಮಲ್ಲಿ ಮನೆಯ ಹಿತ್ತಲಿಗೆಂದೇ ಟ್ರಾಕ್ಟರು ಕೊಳ್ಳುವಷ್ಟು ದೊಡ್ಡ ಹಿತ್ತಲು ಯಾರಿಗಿತ್ತು? ಆ ಸ್ಥಾನದಲ್ಲಿ ನಮಗಿದ್ದುದು ಎರಡು ಗಾಲಿಯ, ಹಿಂದಿನಿಂದ ಹಿಡಿ ಹಿಡಿದು ನಡೆಯುವ ಟಿಲ್ಲರ್. ಜಪಾನಿನ ಸಣ್ಣ ಗದ್ದೆಗಳಿಂದ ಬಂದ ಈ ಯಂತ್ರವನ್ನು ತಯಾರಿಸಲು ಮಿತ್ಸುಬಿಷಿಯ ಸಹಯೋಗದಲ್ಲಿ ವಿ.ಎಸ್.ಟಿ. ಸಂಸ್ಥೆ ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾಯಿತು.

ಇಂದಿನ ಮಕ್ಕಳಿಗೆ ಬಿ.ಟಿ.ಎಂ. ಎಂದರೆ ಮೂರು ಇಂಗ್ಲಿಷ್ ಅಕ್ಷರಗಳು. ಅವು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಊರುಗಳ ಹೆಸರುಗಳು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಒಂದೊಂದಾಗಿ ಸಾರಕ್ಕಿ, ಪುಟ್ಟೇನಹಳ್ಳಿ, ಕತ್ರಿಗುಪ್ಪೆ, ಹೊಸಕೆರೆಹಳ್ಳಿಗಳ ಹೊಲಗಳೂ ನಿವೇಶನಗಳಾದವು. ನೆಲ ಹೋದ ಮೇಲೆ ನೆಲ ಉಳುವ ಯಂತ್ರಕ್ಕೆ ಏನು ಕೆಲಸ? ಕೆಲವು ಗುಜರಿಗೆ ಹೋದವು, ಕೆಲವು ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದು ನಿಂತವು. ನಮ್ಮ ಈ ಹಿರಿಯರು ಹುಡುಕಿ ತರುತ್ತಿದ್ದುದು ಅಂಥವನ್ನೇ.

ಅವರ ಶೆಡ್ಡಿನಲ್ಲಿ ನಾನು ಅನೇಕ ಸಂಜೆ ಕುಳಿತಿದ್ದೇನೆ. ಮೊದಲು ಇಂಜಿನ್ನನ್ನು ಬಿಚ್ಚುತ್ತಾರೆ. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಎಲ್ಲಿಂದ ತೆಗೆದದ್ದೆಂದು ಬರೆದ ಚೀಟಿಯೊಡನೆ ಡಬ್ಬಿಗೆ ಹಾಕುತ್ತಾರೆ. ಪಿಸ್ಟನ್ ರಿಂಗು, ಬೇರಿಂಗು, ವಿ-ಬೆಲ್ಟುಗಳಿಗಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತುತ್ತಾರೆ. ಅಲ್ಲಿ ಸಿಗದ ಬುಷ್ಷನ್ನು ಪರಿಚಯದ ಲೇತ್‌ನವನಿಂದ ಕಡೆಸುತ್ತಾರೆ. ನಾಜಲನ್ನು ಪರೀಕ್ಷೆಯ ಪಂಪಿಗೆ ಜೋಡಿಸಿ ಒತ್ತಿದಾಗ ಡೀಸೆಲ್ ಮಂಜಿನಂತೆ ಚಿಮ್ಮಬೇಕು, ತೊಟ್ಟಿಕ್ಕಬಾರದು. ಆ ಸದ್ದನ್ನು ಕೇಳಿಯೇ ಅವರು ನಾಜಲ್ ಚೆನ್ನಾಗಿದೆಯೋ ಇಲ್ಲವೋ ಹೇಳಬಲ್ಲರು.

ಅವರು ಕೈಗೆತ್ತಿಕೊಂಡ ನಾಲ್ಕನೆಯ ಟಿಲ್ಲರಿನಲ್ಲಿ ತೊಂದರೆ ಆರಂಭವಾಯಿತು. ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ ಇಂಜಿನ್ ಅದು. ಜಿಡ್ಡಿನ ಪದರವನ್ನು ಕೆರೆದಾಗ ನೀರು ನಿಲ್ಲುವ ಹೊರಗೋಡೆಯ ಮೇಲೆ ಒಂದು ಗೇಣಿನಷ್ಟು ಉದ್ದದ ಬಿರುಕು ಕಂಡಿತು. ಹಿಂದೆ ಯಾರೋ ನೀರು ಪೂರ್ತಿ ಬತ್ತುವವರೆಗೆ ಓಡಿಸಿ, ಕಾದು ಕೆಂಡವಾದ ಇಂಜಿನ್ನಿಗೆ ತಣ್ಣೀರು ಸುರಿದಿರಬೇಕು ಎಂದರು. ಎರಕದ ಕಬ್ಬಿಣ ಅಂತಹ ಅವಸರವನ್ನು ತಾಳಿಕೊಳ್ಳುವುದಿಲ್ಲ. ಅವರು ಬಿರುಕಿನ ಎರಡೂ ತುದಿಗಳಲ್ಲಿ, ಅದು ಮುಂದೆ ಹರಿಯದಂತೆ, ಸಣ್ಣ ತೂತು ಕೊರೆಸಿದರು. ಗೆರೆಯನ್ನು ಅಗಲಿಸಿ, ಇಡೀ ಭಾಗವನ್ನು ನಿಧಾನವಾಗಿ ಕಾಯಿಸಿ ಕಂಚಿನ ಬೆಸುಗೆ ಹಾಕಿಸಿದರು. ಬಳಿಕ ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಟ್ಟರು. ಬೆಸುಗೆ ನಿಂತಿತು. ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಬಳಿದ ಮೇಲೆ ಗೆರೆ ಇದ್ದ ಜಾಗವನ್ನು ನಾನು ಬೆರಳಾಡಿಸಿ ಹುಡುಕಿದರೂ ಸಿಗಲಿಲ್ಲ.

ಕನಕಪುರ ರಸ್ತೆಯ ಕಡೆ ತೋಟದ ಮನೆ ಕಟ್ಟಿಸಿಕೊಂಡಿದ್ದ ಒಬ್ಬರು ಅದನ್ನು ನೋಡಿ ಮೆಚ್ಚಿದರು. ಮನೆಯ ಮುಂದೆ ಅಲಂಕಾರಕ್ಕೂ ಆಯಿತು, ಅರ್ಧ ಎಕರೆ ತರಕಾರಿ ಪಾತಿಯನ್ನು ಉಳಲೂ ಆಯಿತು ಎಂದು 70 ಸಾವಿರಕ್ಕೆ ಒಪ್ಪಿದರು. ಮುಂಗಡ ಎಣಿಸಿಕೊಡುವ ಹೊತ್ತಿಗೆ ಹಿರಿಯರು, "ಒಂದು ನಿಮಿಷ ಸಾರ್" ಎಂದು ಆ ಜಾಗವನ್ನು ತೋರಿಸಿ, "ಇಲ್ಲಿ ಬಿರುಕಿತ್ತು, ಬೆಸುಗೆ ಹಾಕಿಸಿದ್ದೇನೆ. ಪಾತಿ ಉಳೋಕೆ ಸಾಕು. ದಿನವಿಡೀ ಗದ್ದೆಗೆ ಹಾಕಿದರೆ ಮತ್ತೆ ಬಿಟ್ಟುಕೊಂಡರೂ ಬಿಟ್ಟುಕೊಳ್ಳಬಹುದು" ಎಂದರು. ಕೊಳ್ಳುವವರು ಯೋಚಿಸಿ ಹೇಳುತ್ತೇನೆಂದು ಹೊರಟುಹೋದರು. ಎರಡು ವಾರಗಳ ಬಳಿಕ ಬಂದು 45 ಸಾವಿರಕ್ಕೆ ಒಯ್ದರು.

ಆ ಭಾನುವಾರ ಬಲಿಪೂಜೆಯ ನಂತರ ಮಗ ನನ್ನ ಬಳಿಗೆ ಬಂದ. ಮನೆಯ ಸಾಲದ ಕಂತು ಕಟ್ಟುತ್ತಿರುವವನು ಅವನು. ಟಿಲ್ಲರಿನ ಬಿಡಿಭಾಗಗಳಿಗೆ ಹಣ ಕೊಟ್ಟವನೂ ಅವನೇ. "ಫಾದರ್, ಅವರು ಕೇಳಲೇ ಇಲ್ಲ. ಅಪ್ಪ ಸುಳ್ಳು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದೂ ಪಾಪವೇ?" ಎಂದು ಕೇಳಿದ. ನಾನು, "ಮುಂದಿನ ವಾರ ಮಾತಾಡೋಣಪ್ಪ" ಎಂದು ಜಾರಿಕೊಂಡೆ.

ಈ ಪ್ರಶ್ನೆ ಬಹಳ ಹಳೆಯದು. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳ ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದನ್ನು ಚರ್ಚಿಸುತ್ತಾನೆ. ಒಬ್ಬ ತನ್ನ ಮನೆಯನ್ನು ಮಾರುತ್ತಾನೆ. ಕೋಣೆಗಳಲ್ಲಿ ಹಾವು ಬರುತ್ತದೆ, ಮರಮುಟ್ಟು ಲಡ್ಡಾಗಿದೆ; ಅದು ಅವನೊಬ್ಬನಿಗೇ ಗೊತ್ತು. ಹೇಳಬೇಕೇ? ಡಯೋಜನಿಸ್ ಎಂಬ ತತ್ತ್ವಜ್ಞಾನಿ, ಕಾನೂನು ಹೇಳಿಸುವಷ್ಟನ್ನು ಹೇಳಿದರೆ ಸಾಕು, ಹೇಳದಿರುವುದೇ ಬೇರೆ, ಮರೆಮಾಚುವುದೇ ಬೇರೆ ಎನ್ನುತ್ತಾನೆ. ಅವನ ಶಿಷ್ಯ ಆಂಟಿಪೇಟರ್, ಕೊಳ್ಳುವವನು ಮೋಸಹೋಗುವುದನ್ನು ಕಣ್ಣಾರೆ ನೋಡಿಯೂ ಸುಮ್ಮನಿರುವುದು ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತ ಕೆಟ್ಟದ್ದು ಎಂದು ವಾದಿಸುತ್ತಾನೆ. ಸಿಸೆರೊ ಶಿಷ್ಯನ ಪಕ್ಷವನ್ನೇ ಹಿಡಿಯುತ್ತಾನೆ. ನಮ್ಮ ದೇಶದ 1930ರ ಸರಕು ಮಾರಾಟ ಕಾಯಿದೆಯಾದರೋ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೊಳ್ಳುವವನೇ ಎಚ್ಚರವಹಿಸಲಿ ಎಂಬ ನಿಯಮದ ಮೇಲೆ ನಿಂತಿದೆ. ಅಂದರೆ ಡಯೋಜನಿಸ್ ಇಂದಿಗೂ ಸೋತಿಲ್ಲ.

13ನೆಯ ಶತಮಾನದಲ್ಲಿ ಸಂತ ತೋಮಾಸ್ ಅಕ್ವಿನಾಸರೂ ಇದೇ ಪ್ರಶ್ನೆಯನ್ನು ಎತ್ತಿಕೊಂಡು, ಎಲ್ಲ ದೋಷಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ ಒಂದು ವ್ಯತ್ಯಾಸವನ್ನು ತೋರಿಸಿದರು. ಕುದುರೆಗೆ ಒಂದು ಕಣ್ಣಿಲ್ಲದಿದ್ದರೆ ಅದು ಎಲ್ಲರಿಗೂ ಕಾಣುತ್ತದೆ. ತಕ್ಕಂತೆ ಬೆಲೆ ತಗ್ಗಿಸಿದ್ದರೆ ಮಾರುವವನು ಅದನ್ನು ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಆದರೆ ದೋಷ ಕಣ್ಣಿಗೆ ಕಾಣದ್ದಾಗಿದ್ದು, ಕೊಳ್ಳುವವನಿಗೆ ಅಪಾಯವನ್ನೋ ನಷ್ಟವನ್ನೋ ತರುವಂಥದ್ದಾಗಿದ್ದರೆ ಹೇಳುವುದು ನ್ಯಾಯದ ಋಣ.

ಈ ಮಾತನ್ನು ಟಿಲ್ಲರಿನ ಮುಂದಿಟ್ಟು ನೋಡೋಣ. ಬಿರುಕನ್ನು ಹಾಗೆಯೇ ಬಿಟ್ಟು ಮಾರಿದ್ದರೆ ಅದು ಕುರುಡು ಕುದುರೆಯಂತೆ. ನೋಡುವ ಕಣ್ಣಿದ್ದವರು ನೋಡಿಕೊಳ್ಳುತ್ತಿದ್ದರು. ಆದರೆ ಅದಕ್ಕೆ ಪುಟ್ಟಿ ಹಚ್ಚಿ, ಬಣ್ಣ ಬಳಿದ ಮೇಲೆ ಮಾರುವವನು ಸುಮ್ಮನಿದ್ದಾನೆ ಎನ್ನಲಾದೀತೇ? ಅವನ ಕೈ ಆಗಲೇ ಮಾತಾಡಿಬಿಟ್ಟಿದೆ. ಇಲ್ಲಿ ಬಿರುಕಿಲ್ಲ ಎಂದು ಹೇಳಿಬಿಟ್ಟಿದೆ. ದುರಸ್ತಿ ಮಾಡುವವರ ವಿಶೇಷ ಪರೀಕ್ಷೆ ಇರುವುದು ಇಲ್ಲಿಯೇ. ಕೆಲಸ ಎಷ್ಟು ಚೆನ್ನಾಗಿದ್ದರೆ ಗಾಯ ಅಷ್ಟು ಕಾಣದಾಗುತ್ತದೆ. ಆದ್ದರಿಂದ ಕೈ ಎಷ್ಟು ಪಳಗಿದೆಯೋ ನಾಲಿಗೆಯ ಹೊಣೆಯೂ ಅಷ್ಟು ಹೆಚ್ಚುತ್ತದೆ. ಒರಟು ಕೆಲಸಗಾರನ ಬೆಸುಗೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ. ನುರಿತವನ ಬೆಸುಗೆಯ ಕಥೆಯನ್ನು ನುರಿತವನೇ ಹೇಳಬೇಕು.

ಹಾಗಾದರೆ ನಮ್ಮ ಎಲ್ಲ ಬಿರುಕುಗಳನ್ನೂ ಎಲ್ಲರಿಗೂ ತೋರಿಸುತ್ತ ಹೋಗಬೇಕೇ? ಬೇಡ. ಆ ಟಿಲ್ಲರಿನ ಹಳೆಯ ಒಡೆಯ ಯಾರು, ತಣ್ಣೀರು ಸುರಿದವನು ಯಾರು ಎಂಬುದು ಕೊಳ್ಳುವವರಿಗೆ ಬೇಕಾಗಿರಲಿಲ್ಲ. ಹಿರಿಯರು ಹೇಳಲೂ ಇಲ್ಲ. ಇನ್ನೊಬ್ಬರು ಯಾವುದರ ಮೇಲೆ ತಮ್ಮ ಭಾರವನ್ನು ಹಾಕಲಿದ್ದಾರೋ ಅದರ ಬಿರುಕನ್ನು ಅವರಿಗೆ ಹೇಳಬೇಕು. ಉಳಿದದ್ದು ಬರಿಯ ಕುತೂಹಲ. ಹೆಣ್ಣು ಗಂಡು ನೋಡುವ ಮಾತುಕತೆಗಳಲ್ಲಿ ಮುಂದೆ ಬದುಕನ್ನೇ ಅಲುಗಿಸಬಲ್ಲ ಕಾಯಿಲೆಯನ್ನೋ ಸಾಲವನ್ನೋ ಮುಚ್ಚಿಟ್ಟು, ಸಂಬಂಧವೇ ಇಲ್ಲದ ಯಾರದೋ ಹಳೆಯ ತಪ್ಪನ್ನು ಊರೆಲ್ಲ ಹರಡುವ ಕುಟುಂಬಗಳನ್ನು ನಾನು ನೋಡಿದ್ದೇನೆ. ಹೇಳಬೇಕಾದದ್ದು, ಹೇಳಬಾರದ್ದು ಅಲ್ಲಿ ತಲೆಕೆಳಗಾಗಿರುತ್ತದೆ.

ಮುಂದಿನ ವಾರ ಇಷ್ಟನ್ನೂ ನಾನು ಆ ಯುವಕನಿಗೆ ಹೇಳಿದೆ. ಅವನು ಶಾಂತವಾಗಿ ಕೇಳಿ, "ಸರಿ ಫಾದರ್. ಆದರೆ ಆ ಬಿರುಕಿನ ವಿಷಯ ನನಗೂ ಗೊತ್ತಿರಲಿಲ್ಲ. ಅಪ್ಪ ಹೊರಗಿನವರಿಗೆ ಹೇಳಿದರು, ನನಗೆ ಹೇಳಲಿಲ್ಲ. ದುಡ್ಡು ಹಾಕಿದ್ದು ನಾನಲ್ಲವೇ?" ಎಂದ. ನನಗೆ ನಾಚಿಕೆಯಾಯಿತು. ಡಯೋಜನಿಸ್, ಸಿಸೆರೊ, ಅಕ್ವಿನಾಸ್ ಎಲ್ಲರನ್ನೂ ಕರೆತಂದ ನಾನು ಈ ಸರಳ ಪ್ರಶ್ನೆಯನ್ನು ಕೇಳಿರಲಿಲ್ಲ. ಅವನ ದೂರು ನ್ಯಾಯವಾಗಿತ್ತು. ತಂದೆಯ ಸತ್ಯಕ್ಕೆ 25 ಸಾವಿರ ಬೆಲೆ ತೆತ್ತವನು ಮಗ; ಅವನಿಗೆ ಮೊದಲೇ ತಿಳಿಯಬೇಕಿತ್ತು. ನಾವು ಮಾಡುವ ಒಳ್ಳೆಯದರ ಖರ್ಚನ್ನು ಇನ್ನೊಬ್ಬರ ಹೆಗಲಿಗೆ ಹಾಕುವ ಮುನ್ನ ಅವರನ್ನು ಒಂದು ಮಾತು ಕೇಳುವುದೂ ಸತ್ಯದ ಭಾಗವೇ. ಇದನ್ನು ಹಿರಿಯರಿಗೆ ಹೇಳಿದಾಗ ಅವರು ಬಹಳ ಹೊತ್ತು ಸ್ಪ್ಯಾನರನ್ನು ಒರೆಸುತ್ತ ಕುಳಿತರು. "ಬೇಜಾರು ಮಾಡಿಕೊಳ್ತಾನೆ ಅಂತ ಹೇಳಲಿಲ್ಲ ಫಾದರ್. ತಪ್ಪಾಯ್ತು" ಎಂದರು. ಐದನೆಯ ಟಿಲ್ಲರಿನ ಕೆಲಸ ಈಗ ನಡೆಯುತ್ತಿದೆ. ಅದರ ಲೆಕ್ಕದ ಪುಸ್ತಕವನ್ನು ಅಪ್ಪ ಮಗ ಇಬ್ಬರೂ ನೋಡುತ್ತಾರೆ. ಆದರೂ ಆ 25 ಸಾವಿರ ಕಳೆದದ್ದೇ ಎಂಬ ಅಭಿಪ್ರಾಯವನ್ನು ಮಗ ಬಿಟ್ಟಿಲ್ಲ.

ಇನ್ನು ನಾನು ಮೊದಲ ದಿನ ಜಾರಿಕೊಂಡ ಕಾರಣ. ಬಹಳ ವರ್ಷಗಳ ಹಿಂದೆ ಒಂದು ಹಳ್ಳಿಯ ಧರ್ಮಕೇಂದ್ರದಿಂದ ವರ್ಗವಾದಾಗ ನನ್ನ ಹಳೆಯ ಮೋಟಾರ್‌ಸೈಕಲನ್ನು ಅಲ್ಲಿನ ಶಾಲೆಯ ಯುವ ಮೇಷ್ಟ್ರಿಗೆ ಮಾರಿದ್ದೆ. ಏರಿನಲ್ಲಿ ಅದರ ಎರಡನೆಯ ಗೇರು ತಾನಾಗಿ ಜಾರುತ್ತಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕಳೆದ ತಿಂಗಳು ಧೈರ್ಯ ತಂದುಕೊಂಡು ಫೋನ್ ಮಾಡಿ, ಈ ವಿಷಯವನ್ನು ತಿಳಿಸಿ ಕ್ಷಮೆ ಕೇಳಿದೆ. ಅವರು ನಕ್ಕರು. "ಅಯ್ಯೋ ಸ್ವಾಮಿ, ಎರಡನೇ ದಿನವೇ ಗೊತ್ತಾಯ್ತು. ರಿಪೇರಿ ಮಾಡಿಸಿಕೊಂಡೆ. ನಿಮಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಹೇಳ್ತಿದ್ದಿರಿ ಅಂದುಕೊಂಡಿದ್ದೆ" ಎಂದರು.

ಗೇರಿನ ರಿಪೇರಿಗೆ ಅವರು ಕೊಟ್ಟ ಹಣವನ್ನು ಹಿಂತಿರುಗಿಸುವುದು ಕಷ್ಟವೇನಲ್ಲ. ಇಷ್ಟು ವರ್ಷ ಅವರು ನನ್ನ ಬಗ್ಗೆ ಇಟ್ಟುಕೊಂಡಿದ್ದ ಆ ಒಳ್ಳೆಯ ಅಭಿಪ್ರಾಯವನ್ನು ಯಾವ ಲೆಕ್ಕದಲ್ಲಿ ಹಿಂತಿರುಗಿಸಲಿ?