ಮುದಿ ನಾಯಿಯ ಕೊನೆಗಾಲ: ಪಾಪ ಯಾವುದು, ಧರ್ಮ ಯಾವುದು?

ಪ್ರಶ್ನೆ: ನಮ್ಮ ಮನೆಯ ನಾಯಿಗೆ 14 ವರ್ಷ. ಕಿಡ್ನಿ ಕೆಟ್ಟಿದೆ. ಹದಿನೈದು ದಿನದಿಂದ ಎದ್ದಿಲ್ಲ, ಮಲಗಿದಲ್ಲೇ ಎಲ್ಲ ಆಗುತ್ತದೆ, ರಾತ್ರಿಯಿಡೀ ನರಳುತ್ತದೆ. ಇನ್ನು ಗುಣವಾಗುವುದಿಲ್ಲ, ಇಂಜೆಕ್ಷನ್ ಕೊಟ್ಟುಬಿಡೋಣ ಎನ್ನುತ್ತಾರೆ ಡಾಕ್ಟರು. ಜೀವಹತ್ಯೆಯ ಪಾಪ ಬರುತ್ತದೆ ಎನ್ನುತ್ತಾರೆ ಅತ್ತೆ. ವರಮಹಾಲಕ್ಷ್ಮಿ ವ್ರತ ಹತ್ತಿರ ಬಂತು; ಮಡಿ ಕೆಡುತ್ತದೆ, ಅದನ್ನು ಹಿತ್ತಲ ಕೊಟ್ಟಿಗೆಗೆ ಹಾಕಿ ಅಂತಲೂ ಹೇಳುತ್ತಿದ್ದಾರೆ. ಸತ್ತರೆ ಸೂತಕ ಉಂಟೇ?
— ಹೆಸರು ಬೇಡವೆಂದ ಓದುಗರು, ಸಾಗರ

ಉತ್ತರ: ತಾಯಿ, ನಿಮಗೆ ಕಾಗದದಲ್ಲಿ ಆಗಲೇ ಉತ್ತರಿಸಿದ್ದೇನೆ. ಇದೇ ಸಂಕಟದಲ್ಲಿರುವ ಬೇರೆಯವರಿಗೂ ಆಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೊಟ್ಟಿಗೆಯ ಮಾತು. ಮಹಾಪ್ರಸ್ಥಾನದಲ್ಲಿ ಇಂದ್ರ ರಥ ತಂದು ನಿಲ್ಲಿಸಿದಾಗ ಧರ್ಮರಾಯನಿಗೆ ಹೇಳಿದ್ದೂ ಇದನ್ನೇ: ನಾಯಿಗೆ ಸ್ವರ್ಗದಲ್ಲಿ ಜಾಗವಿಲ್ಲ, ಬಿಟ್ಟು ಬಾ. ನಂಬಿ ಬಂದ ಜೀವವನ್ನು ಬಿಡುವುದು ಮಹಾಪಾಪ, ನಾಯಿ ಇಲ್ಲದೆ ನಾನು ಬಾರೆ ಅಂದ ಅವನು. ಆ ನಾಯಿ ಧರ್ಮದೇವತೆಯೇ ಆಗಿತ್ತು. ಸ್ವರ್ಗಕ್ಕಾಗಿ ಅವನು ಬಿಡದ್ದನ್ನು ನಾವು ವ್ರತಕ್ಕಾಗಿ ಬಿಡಬಹುದೇ? ದೇವರ ಮನೆಯಿಂದ ದೂರದ ಕೋಣೆಯಲ್ಲಿ ಮಲಗಿಸಿ. ಅದರ ಸೇವೆ ಮಾಡಿದ ಮೇಲೆ ಸ್ನಾನ ಮಾಡಿ, ಮಡಿಯುಟ್ಟು ಕಲಶಕ್ಕೆ ಕೂರಿ. ಅಷ್ಟು ಸಾಕು.

ಇನ್ನು ಇಂಜೆಕ್ಷನ್. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ಗುಣವಾಗದ ನೋವಿನಲ್ಲಿ ಒದ್ದಾಡುತ್ತಿತ್ತು. ಗಾಂಧೀಜಿ ವೈದ್ಯರನ್ನು ಕರೆಸಿ ಇಂಜೆಕ್ಷನ್ ಕೊಡಿಸಿದರು. ದೇಶವೆಲ್ಲ ಬೈಯಿತು. ಇಲ್ಲಿ ನನ್ನ ಸ್ವಾರ್ಥವಿಲ್ಲ, ಅದರ ನೋವು ಮುಗಿಸುವುದೇ ಅಹಿಂಸೆ ಎಂಬ ಮಾತಿಗೆ ಅವರು ಅಂಟಿಕೊಂಡರು. ಒಪ್ಪದವರೂ ಹಿರಿಯರೇ, ಕರ್ಮ ತಾನಾಗಿ ಸವೆಯಲಿ ಎನ್ನುವವರು ಇಂದಿಗೂ ಇದ್ದಾರೆ. ನಿಮ್ಮ ಅತ್ತೆಯವರ ಭಯವನ್ನು ಹಗುರಾಗಿ ಕಾಣಬೇಡಿ.

ನಾನು ಹೇಳುವುದಿಷ್ಟು. ದೀಪ ಹಚ್ಚಿ ಕೂತು ನಿಮ್ಮನ್ನೇ ಕೇಳಿಕೊಳ್ಳಿ: ನಾನು ಮುಗಿಸಬೇಕೆಂದಿರುವುದು ಯಾರ ಕಷ್ಟ? ಒಗೆದು ಒಗೆದು ಸಾಕಾಯಿತು, ನೆಂಟರು ಬರುತ್ತಾರೆ ಎಂಬುದು ಕಾರಣವಾದರೆ ಬೇಡ. ನೋವಿನ ಮದ್ದು ಹಾಕಿಸಿ, ಗಳಿಗೆಗೊಮ್ಮೆ ಮಗ್ಗುಲು ಬದಲಿಸಿ, ಒಣಬಟ್ಟೆ ಹಾಸಿ, ಬಾಯಿ ತೇವ ಮಾಡಿ. ಅನ್ನ ತುರುಕಬೇಡಿ. ಇಷ್ಟೆಲ್ಲ ಮಾಡಿಯೂ ನರಳಾಟ ನಿಲ್ಲದೆ, ಗುಣವಾಗದು ಎಂದು ಡಾಕ್ಟರು ಖಂಡಿತವಾಗಿ ಹೇಳಿದರೆ, ಒಪ್ಪಿಕೊಳ್ಳಿ. ಮೊದಲು ನಿದ್ದೆ ಬರಿಸಿ ಆಮೇಲೆ ಕೊಡಿ ಎಂದು ಕೇಳಿ. ಒಂದು ಮಾತು ಮಾತ್ರ ಮರೆಯಬೇಡಿ: ಆ ಹೊತ್ತಿಗೆ ಹೊರಗೆ ನಿಲ್ಲಬೇಡಿ. ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳಿ, ಬಾಯಿಗೊಂದು ಹನಿ ತೀರ್ಥ ಬಿಡಿ, ಕಿವಿಯಲ್ಲಿ ರಾಮನಾಮ ಹೇಳಿ. 14 ವರ್ಷ ಕೇಳಿದ ದನಿಯೇ ಅದಕ್ಕೆ ಕೊನೆಯದಾಗಿಯೂ ಕೇಳಿಸಲಿ.

ಸೂತಕ ಜ್ಞಾತಿಗಳಿಗೆ ಹೇಳಿದ್ದು. ನಾಯಿಗೆ ಹತ್ತು ದಿನದ ಆಚರಣೆ ಇಲ್ಲ. ಬಾವಿಯಿಂದ ದೂರದಲ್ಲಿ ಆಳವಾಗಿ ಗುಂಡಿ ತೋಡಿ ಮಣ್ಣು ಮಾಡಿ, ಮನೆ ತೊಳೆದು ಸ್ನಾನ ಮಾಡಿ.

ನಾಯಿಗೆ ಪೂಜೆಯೇ ಎಂದು ನಗುವವರಿಗೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ತೋರಿಸಿ. ಸಾವಿರ ವರ್ಷಕ್ಕೂ ಹಿಂದೆ, ಕ್ರಿ.ಶ. 949-50ರ ಸುಮಾರಿಗೆ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಅಲ್ಲಿ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟಿದ್ದಾರೆ. ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದೂ ಬರೆಸಿದ್ದಾರೆ.

ನೀವು ಕಲ್ಲು ನಿಲ್ಲಿಸಬೇಕಿಲ್ಲ. ಗುಂಡಿಯ ಮೇಲೊಂದು ದಾಸವಾಳ ನೆಡಿ. ವ್ರತದ ದಿನ ಬೀದಿ ನಾಯಿಗಳಿಗೆ ಮೊಸರನ್ನ ಹಾಕಿ. ಅತ್ತೆಯವರ ಕೈಯಿಂದಲೇ ಹಾಕಿಸಿದರೆ ಇನ್ನೂ ಒಳ್ಳೆಯದು.