ಸಾಧು ಮೀನು

ಮಹಾಪ್ರಬಂಧದ ಒಂದು ಸಾಲೂ ಮುಂದೆ ಹೋಗದ ಸಂಜೆಗಳಿಗೆಂದು, ಬಾಡಿಗೆ ಕೋಣೆಯ ಮೇಜಿನ ಮೇಲೆ 40 ಲೀಟರಿನ ಗಾಜಿನ ತೊಟ್ಟಿ ಇಟ್ಟುಕೊಂಡೆ. ನಾಲ್ಕಾರು ಬಗೆಯ ಮೀನು ಕೂಡಿ ಬಾಳುವ ತೊಟ್ಟಿಯಾಗಲಿ ಎಂಬ ಆಸೆ. ಗಪ್ಪಿಗಳ ಜೊತೆ ಎರಡು ಟೈಗರ್ ಬಾರ್ಬ್ ತಂದೆ. ಪಟ್ಟೆ ಚೆಂದ ಕಂಡಿತು, ಅಷ್ಟೇ. ನಾಲ್ಕೇ ದಿನಕ್ಕೆ ಗಪ್ಪಿಯ ಬೀಸಣಿಗೆಯಂಥ ಬಾಲ ಚಿಂದಿಯಾಯಿತು.

ಅಂಗಡಿಗೆ ಹೋಗಿ, "ಇದು ಜಗಳದ ಮೀನು ಅಂತ ಮೊದಲೇ ಹೇಳಬಾರದಿತ್ತಾ?" ಎಂದೆ.

"ಎರಡೇ ತಗೊಂಡ್ರಲ್ಲ ಸರ್. ಎಂಟ್ಹತ್ತು ಇದ್ರೆ ಅವವೇ ಅಟ್ಟಾಡಿಸ್ಕೊಂಡಿರ್ತವೆ, ಬೇರೆ ಮೀನಿನ ತಂಟೆಗೆ ಅಷ್ಟಾಗಿ ಹೋಗಲ್ಲ."

ಟೈಗರ್ ಬಾರ್ಬ್ ಗುಂಪಿನ ಜೀವಿ. ಮೇಲು-ಕೀಳಿನ ಕಚ್ಚಾಟವನ್ನು ತನ್ನವರೊಳಗೇ ಮುಗಿಸಿಕೊಳ್ಳುತ್ತದೆ. ನಾನು ಅದರ ಸ್ವಭಾವ ಎಂದು ದೂರಿದ್ದರಲ್ಲಿ ಅರ್ಧ ಪಾಲು ನಾನು ಕೊಟ್ಟ ಜಾಗ, ನಾನು ಕೊಟ್ಟ ಸಂಖ್ಯೆ. ಹತ್ತು ಬಾರ್ಬ್‌ಗಳಿಗೆ ನನ್ನ ತೊಟ್ಟಿ ಸಾಲದು. (ಇದನ್ನೇ ಮನುಷ್ಯರಿಗೂ ಅನ್ವಯಿಸುವ ಆಸೆಯಾಗುತ್ತದೆ. ಬೇಡ, ಮೀನು ನಮ್ಮ ನೀತಿಕತೆಗೆಂದು ಈಜುತ್ತಿಲ್ಲ.)

ಬಾರ್ಬ್‌ಗಳನ್ನು ಹಿಂದಿರುಗಿಸಿದೆ. ತೊಟ್ಟಿ ಶಾಂತವಾಯಿತು. ತಿಂಗಳೊಪ್ಪತ್ತಿನಲ್ಲಿ ಗಪ್ಪಿ ಮರಿ ಹಾಕಿತು: ಬೆಳಿಗ್ಗೆ ಹದಿನೈದಿಪ್ಪತ್ತು, ಸಂಜೆ ನೋಡಿದರೆ ಮೂರು. ತಿಂದದ್ದು ದೊಡ್ಡ ಗಪ್ಪಿಗಳೇ, ಹೆತ್ತದ್ದೂ ಬಿಟ್ಟಿರಲಾರದು. ಆದರೂ ಸಾಧು ಮೀನು ಯಾವುದೆಂದು ಯಾರನ್ನೇ ಕೇಳಿ, ಗಪ್ಪಿಯ ಹೆಸರು ಮೊದಲು ಬರುತ್ತದೆ. ಹರಿದ ಬಾಲ ದಿನವೂ ಕಣ್ಣಿಗೆ ಬೀಳುತ್ತಿತ್ತು, ನುಂಗಿದ ಮರಿ ಬೀಳಲಿಲ್ಲ. ನಾನು ಹುಡುಕಿದ್ದು ಜಗಳವಾಡದ ಮೀನನ್ನೋ, ಜಗಳ ನನಗೆ ಕಾಣದಂತೆ ಇಟ್ಟುಕೊಳ್ಳುವ ಮೀನನ್ನೋ?

ಉಳಿದ ಮೂರಕ್ಕೆಂದು ಒಂದು ಹಿಡಿ ಪಾಚಿ ತಂದು ಮೂಲೆಗೆ ಹಾಕಿದ್ದೇನೆ. ಅದರೊಳಗೆ ಏನು ನಡೆದಿದೆಯೋ, ಹೊರಗಿನಿಂದ ಕಾಣುವುದಿಲ್ಲ.